ಕಸ ಎಸೆಯುವವರನ್ನು ಹಿಡಿಯಲು ಪಂಚಾಯತ್‌ಗೆ ಡ್ರೋನ್ ಬೇಕಾ?

ಹೊಳೆಬದಿಯವ:
ನಮ್ಮದು ಗುರುಪುರ ಹೊಳೆ ಬದಿಯ ಊರು. ಗಾಡಿಯವರು ರಸ್ತೆ ತಿರುವಿನಲ್ಲಿ ಸ್ವಲ್ಪ ನಿಧಾನ ಮಾಡಿ ಚೀಲ ಎಸೆದು ಹೋಗುವುದು ಇಲ್ಲಿ ಮಾಮೂಲು. ಕೋಳಿ ಅಂಗಡಿ ವೇಸ್ಟು, ಮಕ್ಕಳ ಪ್ಯಾಂಪರ್ಸ್, ಹಾಲ್‌ನಲ್ಲಿ ಊಟ ಆದ ಮೇಲಿನ ತಟ್ಟೆ ಲೋಟ, ಎಲ್ಲ ಅಲ್ಲೇ. ಮಳೆ ಬಂದರೆ ತೋಡಿಗಿಳಿದು ಹೊಳೆ ಸೇರುತ್ತದೆ. ಕಸ ಹಾಕಬಾರದು ಅನ್ನುವ ಬೋರ್ಡಿನ ಬುಡದಲ್ಲೇ ಜಾಸ್ತಿ ರಾಶಿ! ಈ ಸಲ ಗ್ರಾಮಸಭೆಯಲ್ಲಿ ಒಬ್ಬರು ಎದ್ದು, ಡ್ರೋನ್ ತಗೊಳ್ಳೋಣ, ಮೇಲಿಂದ ನೋಡಿ ದಂಡ ಹಾಕೋಣ ಅಂದರು. ಎಲ್ಲರೂ ಚಪ್ಪಾಳೆ. ನನಗೆ ಅನುಮಾನ. ದುಡ್ಡು ನಮ್ಮ ತೆರಿಗೆಯದ್ದು ಅಲ್ವಾ. ಗೊತ್ತಿದ್ದವರು ಹೇಳಿ, ಎಂತಾದರೂ ಪ್ರಯೋಜನ ಉಂಟಾ?

ಮದುವೆ ಕ್ಯಾಮರಾ:
ಹಿಡಿಯಲು ಅಂತಾದರೆ ಬೇಡ ಮಾರಾಯ್ರೆ. ನಾನು ಮದುವೆಗಳಿಗೆ ಹಾರಿಸುವವನು. ಒಂದು ಬ್ಯಾಟರಿ ಅರ್ಧ ಗಂಟೆ ಬಂದರೆ ಹೆಚ್ಚು. ಕಸದವನು ಬರುವುದು ಊರು ಮಲಗಿದ ಮೇಲೆ, ಅವನ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಮೇಲಿಂದ ಕಾಣುವುದು ಕಾರಿನ ಟಾಪ್, ನಂಬರ್ ಪ್ಲೇಟ್ ಅಲ್ಲ. ಪ್ಲೇಟ್ ಬೇಕಾದರೆ ಕೆಳಗಿಳಿಸಿ ಓರೆಯಾಗಿ ತೆಗೆಯಬೇಕು, ಅದೂ ಕತ್ತಲಲ್ಲಿ, ತೆಂಗು, ಕರೆಂಟ್ ತಂತಿಗಳ ಮಧ್ಯೆ, ಅಷ್ಟರಲ್ಲಿ ಫ್ಯಾನಿನ ಸದ್ದು ಕೇಳಿ ಆಸಾಮಿ ಪರಾರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಳೆಗೆ ಹೆಚ್ಚಿನ ದಿನ ಡ್ರೋನ್ ಪೆಟ್ಟಿಗೆಯಲ್ಲೇ ಇರುತ್ತದೆ.

ಇನ್ನೊಂದು, ನೀವು ಗುರುಪುರ ಕಡೆಯಾದರೆ ಬಜ್ಪೆ ವಿಮಾನ ನಿಲ್ದಾಣ ಹತ್ತಿರ. 2021ರ ಡ್ರೋನ್ ನಿಯಮದಲ್ಲಿ ಹಸಿರು ವಲಯದಲ್ಲಿ 400 ಅಡಿ ತನಕ ಅನುಮತಿ ಬೇಡ, ಆದರೆ ನಿಲ್ದಾಣದ ಸುತ್ತಮುತ್ತ ಹಾಗಲ್ಲ. ಮೊದಲು ಸರಕಾರದ ಡ್ರೋನ್ ವೆಬ್‌ಸೈಟ್ ಡಿಜಿಟಲ್ ಸ್ಕೈಯ ಮ್ಯಾಪ್‌ನಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿ.

ಒಣಕಸ:
ಹಿಡಿಯಲು ಬೇಡ ಅನ್ನುವುದು ಸರಿ. ಆದರೆ ಡ್ರೋನಿನಿಂದ ಪ್ರಯೋಜನವೇ ಇಲ್ಲ ಅನ್ನುವುದೂ ತಪ್ಪು. ಕಸ ಎಲ್ಲೆಲ್ಲಿ ಬಿದ್ದಿದೆ ಅಂತ ಹುಡುಕಲು ಅದು ಒಳ್ಳೆಯದೇ. ಗುಡ್ಡೆ ಹಿಂದೆ, ಹಳೇ ಕಲ್ಲಿನ ಕೋರೆಯ ಹೊಂಡ, ಹೊಳೆಯ ಆಚೆ ಬದಿ, ಇಲ್ಲೆಲ್ಲ ನಡೆದುಕೊಂಡು ಹೋಗಿ ನೋಡುವವರು ಯಾರು? ಒಂದರ ಮೇಲೊಂದು ಹೊಂದುವ ಹಾಗೆ ಫೋಟೊ ತೆಗೆದರೆ ಸಾಫ್ಟ್‌ವೇರ್ ರಾಶಿಯ ಗಾತ್ರವನ್ನೂ ಲೆಕ್ಕ ಹಾಕುತ್ತದೆ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂದದ್ದು ನೆನಪಿದೆಯಲ್ಲ. ರಾಶಿ ಬೆಳೆಯುವುದನ್ನು ಮುಂಚೆಯೇ ಅಳೆಯುವುದು ಅಂಥ ಜಾಗಕ್ಕೆ ಬೇಕು. ನಿಮ್ಮ ಪಂಚಾಯತ್‌ಗೆ ಮಾತ್ರ ಕೊಳ್ಳುವ ಅಗತ್ಯ ಇಲ್ಲ. ಮಳೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಬಾಡಿಗೆಗೆ ಹಾರಿಸಿದರೆ ಸಾಕು.

ಯಾರು ಎಸೆದರು ಅಂತ ತಿಳಿಯಲು ಗ್ಲೌಸ್ ಹಾಕಿ ಚೀಲ ಬಿಚ್ಚಿ. ನಾನು ಪಂಚಾಯತ್ ಒಣಕಸ ಘಟಕದಲ್ಲಿ ಕೆಲಸ ಮಾಡಿದವಳು, ಕೊರಿಯರ್ ಕವರ್, ಕರೆಂಟ್ ಬಿಲ್, ಔಷಧಿ ಚೀಟಿ, ಒಂದಾದರೂ ಸಿಗುತ್ತದೆ. ಜನ ಎಷ್ಟು ಧೈರ್ಯವಂತರು ಅಂದರೆ ಮದುವೆ ಕಾಗದವನ್ನೂ ಬಿಟ್ಟು ಹೋಗುತ್ತಾರೆ!

ಸುಮ್ನೆ ಓದುವವ:
ತಿರುವಿಗೆ ಸೋಲಾರ್ ಸಿಸಿ ಕ್ಯಾಮರಾ ಒಂದು ಹಾಕಿ, ಪ್ಲೇಟ್ ಎತ್ತರಕ್ಕೆ. ಕೇಸಿಗೆ ಹೋಗುವುದಾದರೆ ವಿಡಿಯೋ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ (ವಿಡಿಯೋ ಯಾವ ಸಾಧನದಲ್ಲಿ ಹೇಗೆ ತೆಗೆದದ್ದು ಅಂತ ಬರೆದು ಸಹಿ ಹಾಕಿದ್ದು) ಬೇಕು, ಅದನ್ನು ಮರೆತರೆ ವಕೀಲರಿಗೆ ಹಬ್ಬ. ಮತ್ತೆ ಕೋಳಿ ವೇಸ್ಟು ಪ್ಯಾಂಪರ್ಸ್ ತರಹ ಅಲ್ಲ. ಅಂಗಡಿಯಿಂದಲೇ ದಿನಾ ಎತ್ತುವ ಗಾಡಿ ಇಲ್ಲದಿದ್ದರೆ ಕ್ಯಾಮರಾ ಇರುವ ತಿರುವು ಬಿಟ್ಟು ಮುಂದಿನ ತಿರುವಿಗೆ ಹೋಗುತ್ತದೆ, ಅಷ್ಟೆ.

ಹೊಳೆಬದಿಯವ:
ಥ್ಯಾಂಕ್ಸ್ ಎಲ್ಲರಿಗೂ. ಮುಂದಿನ ಸಭೆಯಲ್ಲಿ ಕ್ಯಾಮರಾ ಮತ್ತು ಕೋಳಿ ಅಂಗಡಿ ಗಾಡಿಯ ವಿಷಯ ಎತ್ತುತ್ತೇನೆ. ಒಣಕಸ ಅಕ್ಕ, ಬಿಲ್ ಸಿಕ್ಕಿದ ಮೇಲೆ ಮನೆಯವರು "ನಮ್ಮದಲ್ಲ, ಯಾರೋ ಹಾಕಿದ್ದು" ಅಂದರೆ?

ಒಣಕಸ:
ಎಲ್ಲರೂ ಅದನ್ನೇ ಹೇಳುತ್ತಾರೆ. ಪಂಚರ ಎದುರು ಚೀಲ ಬಿಚ್ಚಿ ಫೋಟೊ ತೆಗೆದು ನೋಟಿಸ್ ಕೊಡಿಸಿ, ಪಿಡಿಒ ಸಹಿ ಇರಲಿ. ನಮ್ಮಲ್ಲಿ ಹೆಚ್ಚಿನವರು ಎರಡನೇ ಮಾತಿಗೆ ದಂಡ ಕಟ್ಟಿದರು.