ಸಹಾಯ ಬೇಕು: ಮೆದುಳಿನ ಗಡ್ಡಿಗೆ ನೀಲಿ ಬೆಳಕಿನ ಆಪರೇಷನ್ ಎಲ್ಲಿ ಮಾಡ್ತಾರ?

ಎಲ್ಲಾರಿಗೂ ನಮಸ್ಕಾರ್ರಿ. ಗದಗಿನ್ಯಾಗ ಇರೋ ನಮ್ಮ ಕಾಕಾರಿಗೆ ಮೆದುಳಿನ್ಯಾಗ ಗಡ್ಡಿ ಆಗೇತಿ. ಬಲಗೈ ಹಿಡಿತ ಸಡ್ಲಾಗಿ, ಚಾದ ಕಪ್ಪು ಎರಡೂ ಕೈಲೆ ಹಿಡೀತಾರ. ಎಂಆರ್‌ಐ ನೋಡಿದ ಹುಬ್ಬಳ್ಳಿ ಡಾಕ್ಟರು, ಜೋರು ಗ್ರೇಡಿನ ಗ್ಲಿಯೋಮಾ (ಲಗೂನ ಬೆಳಿಯೋ ಮೆದುಳಿನ ಕ್ಯಾನ್ಸರ್ ಗಡ್ಡಿ) ಇದ್ದಂಗ ಕಾಣತೈತಿ, ಲಗೂನ ತೆಗೀಬೇಕು ಅಂದ್ರು. ‘ಫೈವ್-ಆಲಾ (5-ALA, ಗಡ್ಡಿ ಹೊಳಿಯೋ ಹಂಗ ಮಾಡೋ ಪುಡಿ) ಕೊಟ್ಟು ಮಾಡೋ ಕಡೆನೂ ಒಮ್ಮೆ ವಿಚಾರಸ್ರಿ’ ಅಂತ ಹೇಳಿದವರೂ ಅವರೇ. ಭಾಳ ಬಿಚ್ಚುಮನಸ್ಸಿನ ಮನಷ್ಯಾ.

ಆಪರೇಷನ್ನಿಗೆ ಸುಮಾರು ಮೂರು ತಾಸು ಮೊದಲ ಈ ಪುಡಿ ನೀರಾಗ ಕರಗಿಸಿ ಕುಡಸ್ತಾರ. ಗಡ್ಡಿಯ ಜೀವಕೋಶದಾಗ ಅದು ಪೋರ್ಫಿರಿನ್ ಅನ್ನೋ ಹೊಳಿಯೋ ವಸ್ತು ಆಗಿ ಕೂಡತೈತಿ. ಮೈಕ್ರೋಸ್ಕೋಪಿನ ನೀಲಿ ಬೆಳಕು ಬಿದ್ರ ಗಡ್ಡಿ ಕೆಂಪಗ ಹೊಳೀತೈತಿ, ಚಲೋ ಮೆದುಳು ನೀಲಿನೇ ಉಳೀತೈತಿ. ಅಂಚಿನ್ಯಾಗ ಎರಡೂ ಒಂದಕ್ಕೊಂದು ಕಲೆತಿರ್ತಾವ, ಸಾದಾ ಬೆಳಕಿನ್ಯಾಗ ಫರಕು ತಿಳಿಯೂದು ಕಷ್ಟ. 2006ರಾಗ ಬಂದ ಜರ್ಮನಿಯ ಅಧ್ಯಯನದಾಗ, ಸ್ಕ್ಯಾನಿಗೆ ಕಾಣೋ ಗಡ್ಡಿ ಪೂರ್ತಿ ತೆಗೆಯಾಕ ಆಗಿದ್ದು ಇದರಿಂದ 65% ಮಂದಿಗೆ, ಸಾದಾ ಬೆಳಕಿನ್ಯಾಗ 36%. ಕಡಿಮಿ ಗ್ರೇಡಿನ ಗಡ್ಡಿ ಮಾತ್ರ ಹೆಚ್ಚಾಗಿ ಹೊಳಿಯಂಗಿಲ್ಲ.

ಹುಬ್ಬಳ್ಳಿ-ಧಾರವಾಡದಾಗ ಇಂಥಾ ಮೈಕ್ರೋಸ್ಕೋಪ್ ಎಲ್ಲೆರ ಐತೇನ್ರಿ? ಇಲ್ಲಾಂದ್ರ ಬೆಂಗಳೂರು ನಿಮ್ಹಾನ್ಸಿಗೆ ಹೋಗೂದು ಚಲೋನೋ? ಪುಡಿ ತುಟ್ಟಿ ಅಂತಾರ, ಆಯುಷ್ಮಾನ್ ಕಾರ್ಡಿನ್ಯಾಗ ಅದರ ರೊಕ್ಕ ಕೂಡತೈತೋ, ಹೊರಗಿಂದ ತರಬೇಕೋ? ಕುಡಿದ ಮ್ಯಾಲೆ ಒಂದು ದಿನ ಬಿಸಿಲು, ಜೋರು ಬೆಳಕು ತಾಗಬಾರದಂತ. ವಾರ್ಡಿನ್ಯಾಗ ಹೆಂಗ ಸಂಭಾಳಿಸಿದ್ರಿ, ಮಾಡಿಸಿದವರು ಹೇಳ್ರಿ.

ನಾಟಿ ಔಷಧ ಸದ್ಯಕ್ಕ ಬ್ಯಾಡ್ರಿ, ಆಗಲೇ ಮನಿತುಂಬ ಅದಾವ. ಗೊತ್ತಿದ್ದವರು ಇನ್‌ಬಾಕ್ಸ್ ಮಾಡಿದ್ರ ರಿಪೋರ್ಟ್ ಕಳಸ್ತೀನಿ.