ಸಕಲೇಶಪುರದ ತೋಟದಲ್ಲಿ ಸಿಕ್ಕ ಆನೆ ಕಾಸು: ಯಾರ ಕಾಲದ್ದು, ತೊಳೆಯುವುದು ಹೇಗೆ?

ಪ್ರಶ್ನೆ: ಸಕಲೇಶಪುರದ ಬಳಿ ನಮ್ಮ ಕಾಫಿ ತೋಟವಿದೆ. ಮಣ್ಣಿನಡಿ ಹೂತುಹೋಗಿದ್ದ ಹಳೆಯ ಕಬ್ಬಿಣದ ಪೈಪು ಎಲ್ಲಿ ಹಾದುಹೋಗಿದೆಯೆಂದು ತಿಳಿಯಲು ಪರಿಚಿತರೊಬ್ಬರಿಂದ ಮೆಟಲ್ ಡಿಟೆಕ್ಟರ್ ತಂದಿದ್ದೆವು. ಪೈಪಿಗಿಂತ ಮೊದಲು, ಕಣದ ಪಕ್ಕದಲ್ಲಿ, ಒಂದು ಗೇಣು ಆಳದಲ್ಲಿ ತಾಮ್ರದ ನಾಣ್ಯವೊಂದು ಸಿಕ್ಕಿತು. ಒಂದು ಬದಿಯಲ್ಲಿ ಆನೆಯಿದ್ದು, ಅದರ ಬೆನ್ನಿನ ಮೇಲೆ ಚಂದ್ರನಂತಹ ಒಂದು ಕೊಂಕು ಗೆರೆಯೂ ಒಂದು ಚುಕ್ಕೆಯೂ ಮಸುಕಾಗಿ ಕಾಣುತ್ತವೆ. ಇನ್ನೊಂದು ಬದಿಯಲ್ಲಿ ಮಣ್ಣೂ ಹಸಿರು ಕಿಲುಬೂ ಸೇರಿ ಗಟ್ಟಿಯಾಗಿವೆ. ಮಂಜರಾಬಾದ್ ಕೋಟೆ ಹತ್ತಿರದಲ್ಲೇ ಇರುವುದರಿಂದ ಇದು ಟಿಪ್ಪುವಿನದೇ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದಾರೆ. ತಾಯಿಯವರು ಹುಣಸೆಹಣ್ಣಿನಿಂದ ಅಂಚನ್ನು ಸ್ವಲ್ಪ ಉಜ್ಜಿದಾಗ ಉದ್ದಿನ ಕಾಳಿನಷ್ಟು ಜಾಗ ನಸುಗೆಂಪಾಗಿ ಹೊಳೆಯಿತು. ಹೀಗೆಯೇ ಪೂರ್ತಿ ಉಜ್ಜಬಹುದೆ?

ಉತ್ತರ: ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ದೇವರ ಮನೆಯ ತಂಬಿಗೆಗೆ ಹುಣಸೆಹಣ್ಣು ಒಳ್ಳೆಯದು, ಏಕೆಂದರೆ ತಂಬಿಗೆಯ ಮೇಲೆ ಓದಬೇಕಾದ ಅಕ್ಷರಗಳಿರುವುದಿಲ್ಲ. ನೆಲದಲ್ಲಿದ್ದ ತಾಮ್ರದ ನಾಣ್ಯದಲ್ಲಿ ಮೇಲ್ಮೈಯ ಲೋಹವೇ ನಿಧಾನವಾಗಿ ಆಕ್ಸೈಡ್ ಹಾಗೂ ಕಾರ್ಬೊನೇಟ್ ಆಗಿ ಬದಲಾಗಿರುತ್ತದೆ. ಅಚ್ಚಿನ ಸೂಕ್ಷ್ಮ ಗೆರೆಗಳು ಎಷ್ಟೋ ಸಲ ಆ ಪದರದಲ್ಲಿಯೇ ಉಳಿದಿರುತ್ತವೆ. ಹುಣಸೆಯ ಟಾರ್ಟಾರಿಕ್ ಆಮ್ಲವಾಗಲಿ ನಿಂಬೆಯ ಸಿಟ್ರಿಕ್ ಆಮ್ಲವಾಗಲಿ ಆ ಪದರವನ್ನೇ ಕರಗಿಸುತ್ತದೆ. ಈ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನೂ ಒಂದು ಕಾಸನ್ನು ರಾತ್ರಿಯಿಡೀ ನಿಂಬೆರಸದಲ್ಲಿ ಬಿಟ್ಟಿದ್ದೆ. ಬೆಳಿಗ್ಗೆ ತೆಗೆದಾಗ ಗುಲಾಬಿ ಬಣ್ಣದ ಒಂದು ಬಿಲ್ಲೆಯೂ ಅದರ ಮೇಲೆ ಆನೆಯ ನೆರಳೂ ಮಾತ್ರ ಉಳಿದಿದ್ದವು.

ಇನ್ನು ಯಾರದ್ದೆಂಬ ಪ್ರಶ್ನೆ. ಮಂಜರಾಬಾದಿನ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆಯನ್ನು ಟಿಪ್ಪು 1792ರಲ್ಲಿ ಕಟ್ಟಿಸಿದ್ದು ನಿಜ, ಅವನ ತಾಮ್ರದ ನಾಣ್ಯಗಳ ಮೇಲೆ ಆನೆಯಿರುವುದೂ ನಿಜ. ಆದರೆ ಮೈಸೂರಿನ ನಾಣ್ಯಗಳಲ್ಲಿ ಆನೆ ಟಿಪ್ಪುವಿಗಿಂತ ಹಿಂದೆಯೂ ಇತ್ತು, ಮುಂದೆಯೂ ಇತ್ತು. ಒಡೆಯರ ಹಳೆಯ ಸಣ್ಣ ಕಾಸುಗಳಲ್ಲಿ ಒಂದು ಬದಿಗೆ ಆನೆ, ಕೆಲವದರಲ್ಲಿ ಅದರ ಮೇಲೊಂದು ಕನ್ನಡ ಅಂಕಿ, ಹಿಂಬದಿಗೆ ಚೌಕಟ್ಟು ಹೆಣೆದಂತಹ ಅಡ್ಡ ಮತ್ತು ಉದ್ದ ಗೆರೆಗಳಿರುತ್ತವೆ. ಟಿಪ್ಪುವಿನ ನಾಣ್ಯದ ಹಿಂಬದಿಯಲ್ಲಿ ಪಾರಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರಿರುತ್ತದೆ. ಪಟ್ಟಣ್ ಎಂದಿದ್ದರೆ ಶ್ರೀರಂಗಪಟ್ಟಣ, ನಗರ್ ಎಂದಿದ್ದರೆ ಬಿದನೂರು. ಅವನ ಆಳ್ವಿಕೆಯಲ್ಲೇ ಮುಂದಿನ ವರ್ಷಗಳ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅವನ ಒಂದು ಪೈಸೆ ಸುಮಾರು 11 ಗ್ರಾಂ ತೂಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲಾದರೋ ಆನೆಯ ಮೇಲೆ ಸೂರ್ಯ, ಚಂದ್ರರೂ ಅವರ ನಡುವೆ ‘ಶ್ರೀ’ ಎಂಬ ಅಕ್ಷರವೂ ಇರುತ್ತವೆ, ಹಿಂಬದಿಯಲ್ಲಿ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ಬೆಲೆಯೂ ಇರುತ್ತದೆ. ನೀವು ಹೇಳುವ ಕೊಂಕು ಗೆರೆ ಮತ್ತು ಚುಕ್ಕೆ ನನ್ನನ್ನು ಈ ಕಡೆಗೇ ಎಳೆಯುತ್ತಿವೆ; ಆದರೂ ಹಿಂಬದಿಯನ್ನು ನೋಡದೆ ತೀರ್ಪು ಹೇಳಲಾರೆ.

ಆಭರಣದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಅಡ್ಡಳತೆ ಬರೆದಿಡಿ. ಆಮೇಲೆ ನಾಣ್ಯವನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿ, ದಿನವೂ ನೀರು ಬದಲಿಸಿ. ಬ್ಯಾಟರಿಗೆ ಹಾಕುವ ನೀರೇ ಸಾಕು, ಆದರೆ ಅದು ಆಮ್ಲ ಬೆರೆತದ್ದಲ್ಲವೆಂದು ಖಚಿತಪಡಿಸಿಕೊಳ್ಳಿ. ಮಣ್ಣು ಮೆದುವಾದಂತೆ ಬಿದಿರಿನ ಕಡ್ಡಿಯ ತುದಿಯಿಂದ, ನೀರಿನೊಳಗೇ ಇಟ್ಟುಕೊಂಡು, ಒಂದೊಂದೇ ಚೂರು ಎಬ್ಬಿಸಿ. ಗುಂಡುಸೂಜಿ, ಚಾಕು, ಪಾತ್ರೆ ಉಜ್ಜುವ ತಂತಿ ಹತ್ತಿರಕ್ಕೂ ಬರಬಾರದು.

ಪ್ರಶ್ನೆ: ಹತ್ತು ದಿನ ನೀರು ಬದಲಿಸಿದೆ. ತಾವು ಹೇಳಿದಂತೆ ಕಡ್ಡಿಯಿಂದ ಬಿಡಿಸಿದಾಗ ‘ಕಾಸು’ ಎಂಬ ಎರಡು ಅಕ್ಷರಗಳು ಸ್ಪಷ್ಟವಾಗಿ ಕಂಡವು, ಪಕ್ಕದಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರ ಎರಡು ಬಾರಿ ಇದೆ. ಆದರೆ ಒಣಗಿಸಿಟ್ಟ ನಾಲ್ಕನೆಯ ದಿನ ಆನೆಯ ಕಾಲಿನ ಬಳಿ ಸಾಸಿವೆಯಷ್ಟು ದೊಡ್ಡ, ತೀರಾ ತಿಳಿ ಹಸಿರಿನ ಪುಡಿ ಕಾಣಿಸಿಕೊಂಡಿದೆ.

ಉತ್ತರ: ಹಾಗಾದರೆ ಗುರುತು ಸಿಕ್ಕಿತು. ಎರಡು ಎಕ್ಸ್ ಎಂದರೆ ರೋಮನ್ ಅಂಕಿಯಲ್ಲಿ ಇಪ್ಪತ್ತು, ಇದು ಮುಮ್ಮಡಿಯವರ ಇಪ್ಪತ್ತು ಕಾಸು. 1799ರಲ್ಲಿ ಟಿಪ್ಪು ಮಡಿದ ಮೇಲೆ ಪಟ್ಟಕ್ಕೆ ಬಂದ ಅವರ ಕಾಸುಗಳಲ್ಲಿ ಮುಂದೆ ಆನೆ ಹೋಗಿ ಸಿಂಹ ಬಂದಿತು. ನಿಮ್ಮದು ಆನೆ ಇದ್ದ ಕಾಲದ್ದು. ಮನೆಯವರಿಗೆ ಬೇಸರವಾಗಬಹುದು, ಆದರೆ ನನಗಂತೂ ಕನ್ನಡ ಅಕ್ಷರವಿರುವ ಕಾಸೇ ಹೆಚ್ಚು ಇಷ್ಟ.

ಆ ಪುಡಿಯ ವಿಷಯ ಮಾತ್ರ ಗಂಭೀರವಾದದ್ದು. ಗಾಢ ಹಸಿರಿನ, ಗಟ್ಟಿಯಾದ, ನಯವಾದ ಪದರ ನಾಣ್ಯಕ್ಕೆ ರಕ್ಷಣೆ, ಅದನ್ನು ಮುಟ್ಟಬೇಕಾಗಿಲ್ಲ. ತಿಳಿ ಹಸಿರಾಗಿ ಉದುರುವ ಪುಡಿ ಬಹುಮಟ್ಟಿಗೆ ಕ್ಲೋರೈಡಿನ ಕಾಟ. ಲೋಹದೊಳಗೆ ಸೇರಿದ ತಾಮ್ರದ ಕ್ಲೋರೈಡ್ ಗಾಳಿಯ ತೇವ ಮತ್ತು ಆಮ್ಲಜನಕದೊಡನೆ ಕೂಡಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಹುಟ್ಟಿಸುತ್ತದೆ, ಆ ಆಮ್ಲ ಹೊಸ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ಸಮುದ್ರವಿಲ್ಲದ ಮಲೆನಾಡಿನಲ್ಲಿ ಕ್ಲೋರೈಡ್ ಎಲ್ಲಿಂದ ಬಂತೆಂದು ಕೇಳುವಿರಾದರೆ, ಗಿಡದ ಬುಡಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವನ್ನೊಮ್ಮೆ ನೆನಪಿಸಿಕೊಳ್ಳಿ. ಎಂ.ಒ.ಪಿ. ಎಂದರೆ ಪೊಟ್ಯಾಸಿಯಂ ಕ್ಲೋರೈಡೇ. ಪುಡಿಯನ್ನು ಮೆತ್ತಗೆ ಉದುರಿಸಿ, ಇನ್ನೊಂದು ತಿಂಗಳು ನೀರು ಬದಲಿಸಿ, ಅಸಿಟೋನಿನಲ್ಲಿ ಅದ್ದಿ ತೆಗೆದು ಒಣಗಿಸಿ. ಅಸಿಟೋನ್ ಬಳಸುವಾಗ ಒಲೆ, ದೀಪ ಹತ್ತಿರವಿರಬಾರದು. ಆಮೇಲೂ ಪುಡಿ ಬಂದರೆ ಮನೆಯ ಮದ್ದು ಸಾಕಾಗದು. ರಾಸಾಯನಿಕ ಚಿಕಿತ್ಸೆಗಾಗಿ ಮೈಸೂರಿನಲ್ಲಿರುವ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವನ್ನು ವಿಚಾರಿಸಿ.

ಇನ್ನೊಬ್ಬ ಸದಸ್ಯರು: ಬ್ಯಾಟರಿ ಮತ್ತು ಉಪ್ಪುನೀರು ಬಳಸಿ ವಿದ್ಯುತ್ತಿನಿಂದ ಶುಚಿಗೊಳಿಸುವ ವೀಡಿಯೋ ನೋಡಿದ್ದೇನೆ. ಹತ್ತು ನಿಮಿಷದ ಕೆಲಸವಲ್ಲವೆ?

ಉತ್ತರ: ಹತ್ತು ನಿಮಿಷದ್ದೇ, ನಾಣ್ಯದ ಮುಖವನ್ನೂ ಅಷ್ಟರಲ್ಲೇ ಕಳೆಯುವ ಕೆಲಸ. ಉಪ್ಪೆಂದರೆ ಮತ್ತೆ ಕ್ಲೋರೈಡ್, ಈಗ ನಾವು ಹೊರಹಾಕಲು ಹೆಣಗುತ್ತಿರುವುದು ಅದನ್ನೇ.

ಪ್ರಶ್ನೆ: ಇದನ್ನು ನಾವೇ ಇಟ್ಟುಕೊಳ್ಳಬಹುದೆ? ಡಿಟೆಕ್ಟರ್ ಇನ್ನೂ ಮನೆಯಲ್ಲಿದೆ, ಕೋಟೆಯ ಕಡೆ ಹೋಗೋಣವೆಂದು ಮಗ ಹಟ ಹಿಡಿದಿದ್ದಾನೆ.

ಉತ್ತರ: ಮಗನನ್ನು ತಡೆಯಿರಿ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ನಿಮ್ಮ ಕಾಸು ನೂರು ವರ್ಷ ದಾಟಿರುವುದರಿಂದ 1972ರ ಕಾಯ್ದೆಯ ಪ್ರಕಾರ ಪುರಾವಸ್ತು, ಹೊರದೇಶಕ್ಕೆ ಕಳುಹಿಸುವಂತಿಲ್ಲ. ನೆಲದಲ್ಲಿ ಸಿಕ್ಕದ್ದಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆಯೂ ಇದೆ. ಆದ್ದರಿಂದ ಸಿಕ್ಕ ದಿನ, ಜಾಗ, ಆಳ ಬರೆದು, ಎರಡೂ ಬದಿಯ ಫೋಟೋ ಲಗತ್ತಿಸಿ ಹಾಸನದ ಜಿಲ್ಲಾಧಿಕಾರಿಗಳಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬರುವವರೆಗೆ ನಾಣ್ಯವನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಳಿಯಾಡದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಆ ಪೊಟ್ಟಣವನ್ನು ಹದಿನೈದು ದಿನಕ್ಕೊಮ್ಮೆ ಬದಲಿಸಿ. ಪಿ.ವಿ.ಸಿ. ಚೀಲ ಮಾತ್ರ ಬೇಡ, ಅದರಿಂದಲೂ ಹಸಿರು ಕಟ್ಟುತ್ತದೆ.