ಡೊಳ್ಳು, ಕಿಕ್, ಬೇಸ್ ಮೂರೂ ಸೇರಿದರೆ ಬರೀ ಗುಂಯ್ ಅನ್ನುತ್ತದೆ, ಏನು ಮಾಡಲಿ?

ರಾತ್ರಿಪಾಳಿ:
ನಮಸ್ಕಾರ ಎಲ್ಲರಿಗೂ. ಎರಡು ತಿಂಗಳಿಂದ ಒಂದು ಹೌಸ್ (ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತ) ಟ್ರ್ಯಾಕ್ ಹಿಡಿದು ಕೂತಿದ್ದೇನೆ. 126 ಬಿಪಿಎಂ (ನಿಮಿಷಕ್ಕೆ 126 ಬೀಟ್), ಎ ಮೈನರ್ ಸ್ಕೇಲ್. 909 ಡ್ರಮ್ ಮಷೀನಿನ ಕಿಕ್ (ತಾಳದ ದಪ್ಪ ಏಟು), ಸೈನ್ ವೇವ್ ಸಬ್ ಬೇಸ್ (ತೀರಾ ಕೆಳಗಿನ ಬೇಸ್), ದಪ್ಪ ಪ್ಯಾಡ್ (ಹಿಂದೆ ಎಳೆದು ನಿಲ್ಲೋ ಕಾರ್ಡುಗಳು), ಒಂದು ಲೀಡ್ (ಮುಖ್ಯ ರಾಗ). ಜೊತೆಗೆ ನಮ್ಮೂರ ಜಾತ್ರೆಯಲ್ಲಿ ನಾನೇ ರೆಕಾರ್ಡ್ ಮಾಡಿಕೊಂಡ ಡೊಳ್ಳಿನ ಲೂಪ್ ಇದೆ. ಟ್ರ್ಯಾಕಿನ ಜೀವಾಳವೇ ಅದು, ತೆಗೆಯೋ ಮಾತಿಲ್ಲ.

ಒಂದೊಂದನ್ನೇ ಸೋಲೋ ಮಾಡಿ ಕೇಳಿದರೆ ಎಲ್ಲವೂ ಚೆನ್ನಾಗಿದೆ. ಒಟ್ಟಿಗೆ ಬಿಟ್ಟರೆ ಕಂಬಳಿ ಹೊದ್ದು ಕೇಳಿದ ಹಾಗೆ. ಮನೆಯಲ್ಲಿ ಬೇಸ್ ಕಮ್ಮಿ ಅನ್ನಿಸಿತು, 4 ಡಿಬಿ (ಡೆಸಿಬಲ್) ಏರಿಸಿದೆ. ಅದೇ ಫೈಲನ್ನು ಗೆಳೆಯನ ಕಾರಲ್ಲಿ ಹಾಕಿದರೆ ಬಾಗಿಲೆಲ್ಲ ಗಡಗಡ ಅಂತು, ಕಿಕ್ ಎಲ್ಲಿ ಬೀಳುತ್ತಿದೆ ಅಂತಲೇ ಗೊತ್ತಾಗಲಿಲ್ಲ. ಫೋನಲ್ಲಿ ಹಾಕಿದರೆ ಬೇಸೇ ಇಲ್ಲ. ಯಾವ ವಾದ್ಯಕ್ಕೆ ಎಷ್ಟು ಹರ್ಟ್ಜ್ ಬಿಡಬೇಕು ಅನ್ನೋ ಚಾರ್ಟ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಹಾಕಿ.

ಸಬ್‌ವೂಫರ್_ಸಂಗ:
ಚಾರ್ಟ್ ಬಿಡಿ. ನಿಮ್ಮ ಕಿಕ್ ಯಾವ ಸ್ವರದಲ್ಲಿದೆ ಅಂತ ಚಾರ್ಟಿಗೆ ಗೊತ್ತಿರುವುದಿಲ್ಲ. ಎ ಮೈನರ್ ಅಂದರೆ ನಿಮ್ಮ ಬೇಸಿನ ಮೂಲ ಸ್ವರ 55 ಹರ್ಟ್ಜ್. 909 ಕಿಕ್ಕಿನ ದಪ್ಪ ಭಾಗವೂ ಅಲ್ಲೇ ಅಕ್ಕಪಕ್ಕದಲ್ಲಿ ಇರುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಒಂದೇ ಜಾಗ ಕೇಳಿದರೆ ಯಾವ ಇಕ್ಯೂ (ಬೇಕಾದ ಹರ್ಟ್ಜನ್ನು ಮಾತ್ರ ಏರಿಸಿ ಇಳಿಸೋ ಸಾಧನ) ಬಂದರೂ ಬಿಡಿಸಕ್ಕಾಗಲ್ಲ, ಮೊದಲು ಸಮಯದಲ್ಲಿ ಬಿಡಿಸಬೇಕು. ಲೆಕ್ಕ ನೋಡಿ. 126ರಲ್ಲಿ ಒಂದು ಬೀಟ್ ಅಂದರೆ 476 ಮಿಲಿಸೆಕೆಂಡ್, ಅದರ ಅರ್ಧ 238. ನಿಮ್ಮ ಬೇಸ್ ಎರಡು ಬೀಟಿನ ನಡುವೆ, ಅಂದರೆ ಆಫ್‌ಬೀಟಲ್ಲಿ ಬರುತ್ತಿದ್ದರೆ, ಕಿಕ್ಕಿನ ಬಾಲವನ್ನು 200 ಮಿಲಿಸೆಕೆಂಡಿಗೆ ಕತ್ತರಿಸಿ. ಅಷ್ಟರಲ್ಲೇ ಅರ್ಧ ಜಗಳ ಮುಗಿಯುತ್ತದೆ. ಬೇಸ್ ಕಿಕ್ಕಿನ ಮೇಲೇ ಬೀಳುತ್ತಿದ್ದರೆ ಸೈಡ್‌ಚೈನ್ ಹಾಕಿ, ಅಂದರೆ ಕಿಕ್ ಬಿದ್ದಾಗಲೆಲ್ಲ ಬೇಸನ್ನು ತಾನಾಗಿ ತಗ್ಗಿಸೋ ಕಂಪ್ರೆಸರ್: ರೇಶಿಯೋ (ತಗ್ಗಿಸೋ ಪ್ರಮಾಣ) 4ಕ್ಕೆ 1, ಅಟ್ಯಾಕ್ (ತಗ್ಗಲು ಹಿಡಿಯೋ ಸಮಯ) ಆದಷ್ಟು ಬೇಗ, ರಿಲೀಸ್ (ವಾಪಸ್ ಏರಲು ಹಿಡಿಯೋ ಸಮಯ) 120 ಮಿಲಿಸೆಕೆಂಡಿನ ಆಸುಪಾಸು, ಕಿಕ್ ಬಿದ್ದಾಗ ಬೇಸ್ 5-6 ಡಿಬಿ ಕೆಳಗೆ ಹೋಗಿ ಬರಲಿ.

ಪ್ಯಾಡ್ ವಿಷಯಕ್ಕೆ ಇಕ್ಯೂ ಮುಟ್ಟೋ ಮೊದಲು ಕಾರ್ಡನ್ನೇ ಒಂದು ಆಕ್ಟೇವ್ ಮೇಲೆ ಬಾರಿಸಿ ನೋಡಿ. ಆಮೇಲೆ 200 ಹರ್ಟ್ಜಿಗೆ ಹೈಪಾಸ್, ಅಂದರೆ ಅದರ ಕೆಳಗಿನದನ್ನು ಕತ್ತರಿಸಿ. ಸೋಲೋದಲ್ಲಿ ಪ್ಯಾಡ್ ತೆಳ್ಳಗಾಯಿತು ಅನ್ನಿಸುತ್ತದೆ, ಅನ್ನಿಸಲಿ, ಪ್ಯಾಡನ್ನು ಯಾರೂ ಸೋಲೋದಲ್ಲಿ ಕೇಳುವುದಿಲ್ಲ.

ಹತ್ತಡಿ_ರೂಮು:
ಒಂದು ಪ್ರಶ್ನೆ. ನಿಮ್ಮ ರೂಮು ಎಷ್ಟು ದೊಡ್ಡದು, ನೀವು ಎಲ್ಲಿ ಕೂರುತ್ತೀರಿ, ಎಷ್ಟು ಜೋರಾಗಿ ಕೇಳುತ್ತೀರಿ?

ರಾತ್ರಿಪಾಳಿ:
ರೂಮು 10 ಅಡಿಗೆ 10 ಅಡಿ. ಟೇಬಲ್ ಹೆಚ್ಚುಕಮ್ಮಿ ನಡುವೆ ಇದೆ. 5 ಇಂಚಿನ ಮಾನಿಟರ್ ಸ್ಪೀಕರ್. ಕೆಲಸ ಮುಗಿಸಿ ಬಂದು ಕೂರುವಾಗ 11 ಗಂಟೆ, ಅಮ್ಮ ಪಕ್ಕದ ರೂಮಲ್ಲಿ ಮಲಗಿರುತ್ತಾರೆ, ಹಾಗಾಗಿ ಮೆಲ್ಲಗೇ ಕೇಳುತ್ತೇನೆ.

ಹತ್ತಡಿ_ರೂಮು:
ಹಾಗಾದರೆ ಮಿಕ್ಸ್ ಮಾಡೋದಕ್ಕಿಂತ ಮೊದಲು ಟೇಬಲ್ ಸರಿಸಿ. ನಾನು ಇದರಲ್ಲಿ ಒಂದು ವರ್ಷ ಕಳೆದಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

10 ಅಡಿ ಅಂದರೆ 3.05 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಎರಡು ಗೋಡೆ ಮಧ್ಯೆ ಅರ್ಧ ಅಲೆ ಸರಿಯಾಗಿ ಕೂರುವುದು 56 ಹರ್ಟ್ಜಿಗೆ. ಆ ಸ್ವರ ಗೋಡೆ ಹತ್ತಿರ ಭಾರಿ ಜೋರು, ರೂಮಿನ ನಡುವೆ ಹೆಚ್ಚುಕಮ್ಮಿ ಸೊನ್ನೆ. ನಿಮ್ಮ ಬೇಸ್ 55. ನೀವು ಕೂತಿರೋದು ನಡುವೆ. ಬೇಸ್ ಕೇಳಿಸುವುದಾದರೂ ಹೇಗೆ? ಅಲ್ಲಿ ಕೂತು ಎಷ್ಟು ಡಿಬಿ ಏರಿಸಿದರೂ ನಿಮ್ಮ ಕಿವಿಗೆ ಸಿಗುವುದು ಸ್ವಲ್ಪ, ಫೈಲಿಗೆ ಮಾತ್ರ ಪೂರ್ತಿ ಸೇರುತ್ತದೆ. ಕಾರಲ್ಲಿ ಬಾಗಿಲು ಗಡಗಡ ಅಂದಿದ್ದು ಅದೇ 4 ಡಿಬಿ.

ನಂಬಿಕೆ ಬರದಿದ್ದರೆ 55 ಹರ್ಟ್ಜ್ ಸೈನ್ ಒಂದನ್ನೇ ಹಾಕಿ ಕುರ್ಚಿಯಿಂದ ಎದ್ದು ಹಿಂದಿನ ಗೋಡೆ ತನಕ ನಿಧಾನಕ್ಕೆ ನಡೆಯಿರಿ. ಮೂರ್ನಾಲ್ಕು ಹೆಜ್ಜೆಯಲ್ಲಿ ಅರ್ಥವಾಗುತ್ತದೆ. ಕಿವಿ ಮುಂದಿನ ಗೋಡೆಯಿಂದ 4 ಅಡಿಯೊಳಗೆ ಬರೋ ಹಾಗೆ ಕೂತು ನೋಡಿ, ಬೇಸನ್ನು ಹೆಡ್‌ಫೋನಲ್ಲೂ ಒಮ್ಮೆ ಪರೀಕ್ಷಿಸಿ.

ಇನ್ನೊಂದು, ಮೆಲ್ಲಗೆ ಕೇಳುವಾಗ ಕಿವಿಗೆ ಬೇಸ್ ಕಮ್ಮಿಯೇ ಕೇಳಿಸುವುದು. ಫ್ಲೆಚರ್ ಮತ್ತು ಮನ್ಸನ್ ಅನ್ನೋ ವಿಜ್ಞಾನಿಗಳು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ರಾತ್ರಿ ಲೀಡ್, ಡೊಳ್ಳು, ಪ್ಯಾಡ್ ಕೆಲಸ ಮಾಡಿ. ಬೇಸಿನ ಲೆವೆಲ್ ಮಾತ್ರ ಭಾನುವಾರ ಹಗಲು ಇಡಿ.

ಕೋಲು_ಅಂಗೈ:
ಡೊಳ್ಳಿನ ಬಗ್ಗೆ ಯಾರೂ ಹೇಳಲಿಲ್ಲ, ಆ ಗುಂಯ್‌ನಲ್ಲಿ ಅದರ ಪಾಲು ಜಾಸ್ತಿ ಅಂತ ನನ್ನ ಅನಿಸಿಕೆ. ಡೊಳ್ಳಿಗೆ ಎರಡು ದನಿ ಇದೆ. ಒಂದು ಕಡೆ ಕೋಲಿನ ಏಟು, ಇನ್ನೊಂದು ಕಡೆ ಅಂಗೈ. ಆ ಕೆಳಗಿನ ಗುಡುಗು ನಿಮ್ಮ ಕಿಕ್ಕಿನ ಮೇಲೆ ನೇರ ಬಂದು ಕೂರುತ್ತದೆ. ತಂಡ ಒಟ್ಟಿಗೆ ಬಾರಿಸಿದಾಗ ಏಟುಗಳು ಕೂದಲೆಳೆಯಷ್ಟು ಹಿಂದೆ ಮುಂದೆ ಇರುತ್ತವೆ, ಅದೇ ಅದರ ಅಂದ, ಆದರೆ ಕಿಕ್ಕಿನ ಅಂಚು ಅದರಿಂದಲೇ ಮಸುಕಾಗುತ್ತದೆ.

ಲೂಪನ್ನು ಎರಡು ಟ್ರ್ಯಾಕ್ ಮಾಡಿ. ಒಂದಕ್ಕೆ 150ಕ್ಕೆ ಹೈಪಾಸ್, ಕೋಲಿನ ಏಟು ಮಾತ್ರ ಉಳಿಯಲಿ, ಇದು ಇಡೀ ಹಾಡಿಗೆ. ಇನ್ನೊಂದರಲ್ಲಿ ಬರೀ ಗುಡುಗು ಇಟ್ಟುಕೊಂಡು ಬ್ರೇಕ್‌ಡೌನಲ್ಲಿ ಬಿಡಿ, ಕಿಕ್ಕೂ ಬೇಸೂ ಸುಮ್ನೆ ಇರೋವಾಗ. ಅಲ್ಲಿ ಆ ಚರ್ಮದ ನಡುಕ ಪೂರ್ತಿ ಕೇಳಲಿ. ಕಿಕ್ ವಾಪಸ್ ಬರೋ ಒಂದು ಬೀಟ್ ಮೊದಲು ಅದನ್ನು ನಿಲ್ಲಿಸಿ.

ಫೋನಿಗೆ: ಚಿಕ್ಕ ಸ್ಪೀಕರಿಗೆ 55 ಹರ್ಟ್ಜ್ ಆಗದ ಮಾತು. ಬೇಸಿನ ಒಂದು ಕಾಪಿ ಮಾಡಿ ಸ್ಯಾಚುರೇಶನ್ (ದನಿಯನ್ನು ಸ್ವಲ್ಪ ಒಡೆಸೋ ಎಫೆಕ್ಟ್) ಕೊಡಿ, 55ರ ಎರಡು, ಮೂರು, ನಾಲ್ಕು ಪಟ್ಟಾದ 110, 165, 220 ಹುಟ್ಟುತ್ತವೆ, ಇಲ್ಲದ 55ನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಅಸಲಿ ಸಬ್ ಮೋನೋದಲ್ಲೇ (ಎರಡೂ ಸ್ಪೀಕರಿಗೆ ಒಂದೇ ದನಿ) ಇರಲಿ.

ರಾತ್ರಿಪಾಳಿ:
ಸೈನ್ ಹಾಕಿ ನಡೆದೆ. ಕುರ್ಚಿಯಲ್ಲಿ ಏನೂ ಇಲ್ಲ, ಗೋಡೆಗೆ ಬೆನ್ನು ತಾಗಿಸಿದರೆ ಎದೆಯೊಳಗೇ ಕೇಳಿಸುತ್ತದೆ, ಇಷ್ಟು ದಿನ ಇಲ್ಲದ್ದನ್ನು ಹುಡುಕುತ್ತಿದ್ದೆ! ಟೇಬಲ್ ಸರಿಸಿದೆ, ಏರಿಸಿದ 4 ಡಿಬಿ ವಾಪಸ್ ತೆಗೆದೆ, ಕಿಕ್ಕಿನ ಬಾಲ 190ಕ್ಕೆ ಇಟ್ಟೆ. ಡೊಳ್ಳು ಎರಡು ಟ್ರ್ಯಾಕ್ ಆಯಿತು. ಕಾರಲ್ಲಿ ಈಗ ಕಿಕ್ ಗುದ್ದುತ್ತದೆ, ಬೇಸ್ ಅದರ ಹಿಂದೆ ಬರುತ್ತದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಒಂದು ಉಳಿದಿದೆ. ಲೀಡ್ ಬಂದಾಗ ಕೋಲಿನ ಏಟು ಮುಳುಗುತ್ತದೆ.

ಕೋಲು_ಅಂಗೈ:
ಎರಡೂ 3 ಕಿಲೋಹರ್ಟ್ಜ್ ಹತ್ತಿರ ಇವೆ, ಕಿವಿ ತುಂಬಾ ಚುರುಕಾಗಿರೋ ಜಾಗ. ಲೀಡಿನಲ್ಲಿ ಅಲ್ಲಿ 2 ಡಿಬಿ ಇಳಿಸಿ, ಡೊಳ್ಳನ್ನು ಏರಿಸಬೇಡಿ. ಸಾಲದಿದ್ದರೆ ಲೀಡಿನ ಸಾಲಲ್ಲಿ ಏಟು ಬೀಳೋ ಕಡೆ ಒಂದೆರಡು ಸ್ವರ ಕಮ್ಮಿ ಬಾರಿಸಿ.